ಕೂಗಿ ಕರೆಯಬಹುದಾದ ಹೆಸರು: ಫ್ಯಾಂಟಸಿ ಆಟದ ಪಾತ್ರಗಳಿಗೆ ಹೆಸರು ಕಟ್ಟುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹದ, ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಆಟದಲ್ಲಿ ಪಾತ್ರದ ಹೆಸರನ್ನು ಒಮ್ಮೆ ಬರೆಯುತ್ತೇವೆ. ಆಮೇಲೆ ಇಡೀ ಕ್ಯಾಂಪೇನ್ (ಹಲವು ಸೆಷನ್‌ಗಳ ಉದ್ದಕ್ಕೂ ಸಾಗುವ ಕಥೆ) ಮುಗಿಯುವವರೆಗೂ ಅದನ್ನು ಬಾಯಲ್ಲಿ ಹೇಳುತ್ತಲೇ ಇರುತ್ತೇವೆ. ಹಾಗಿದ್ದರೂ ಹೆಸರು ಆರಿಸುವಾಗ ಹೆಚ್ಚಿನವರು ನೋಡುವುದು ಇಂಗ್ಲಿಷ್ ಸ್ಪೆಲಿಂಗನ್ನು. ಎಕ್ಸ್, ವೈ, ಝಡ್ ಅಕ್ಷರಗಳು ಜಾಸ್ತಿ ಇದ್ದರೆ, ನಡುವೆ ಒಂದೆರಡು ಅಪಾಸ್ಟ್ರಫಿ ಇದ್ದರೆ ಗತ್ತಾಗಿ ಕಾಣುತ್ತದೆ ಎಂದು ಅದನ್ನೇ ಎತ್ತಿಕೊಳ್ಳುತ್ತಾರೆ. ಮೊದಲ ಸೆಷನ್‌ನಲ್ಲೇ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಮೂರನೇ ಸೆಷನ್ ಹೊತ್ತಿಗೆ ಎಲ್ಲರೂ ಆ ಪಾತ್ರವನ್ನು 'ನಮ್ಮ ಎಲ್ಫ್' ಅಂತಲೇ ಕರೆಯುತ್ತಿರುತ್ತಾರೆ (ಎಲ್ಫ್ ಎಂದರೆ ಫ್ಯಾಂಟಸಿ ಕಥೆಗಳ ಚೂಪು ಕಿವಿಯ ಜನ).

ಹೆಸರನ್ನು ಮೊದಲು ಬಾಯಲ್ಲಿ ಕಟ್ಟಿ, ಆಮೇಲೆ ಬರೆಯಿರಿ. ಬರೆಯುವಾಗ, ನೀವು ಇಂಗ್ಲಿಷಿನಲ್ಲೇ ಆಡುತ್ತಿದ್ದರೂ, ಮೊದಲು ಕನ್ನಡ ಅಕ್ಷರದಲ್ಲಿ ಬರೆಯಿರಿ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಲಹೆ ಬೇರೆ ಇಲ್ಲ. ಇದನ್ನು ಮಾಡುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಹೆದರಬೇಡಿ, ಹಳಬರೂ ಸರಳವಾಗಿಯೇ ಮಾಡಿದರು

ಈ ಆಟ ಅಚ್ಚಾಗಿ ಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದರು. ಇವತ್ತಿಗೂ ಆಟದ ಪುಸ್ತಕಗಳಲ್ಲಿ ಉಳಿದಿರುವ ಆ ಕಾಲದ ಕೆಲವು ಹೆಸರುಗಳು ಹುಟ್ಟಿದ ರೀತಿ ನೋಡಿ. ಗೈಗ್ಯಾಕ್ಸ್ ಅವರ ಮಗ ಅರ್ನೆಸ್ಟ್‌ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿದರೆ 'ಟೆನ್ಸರ್' ಆಗುತ್ತದೆ. ಅವರ ಜೊತೆ ಆಡುತ್ತಿದ್ದ ಜಿಮ್ ವಾರ್ಡ್ ಅವರ ಹೆಸರನ್ನು ಹಿಂದುಮುಂದಾಗಿ ಬರೆದರೆ 'ಡ್ರಾಮಿಜ್'. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ ಹೆಸರಿನ ಕೊನೆಯ ಭಾಗವನ್ನು ಕಲಸಿದರೆ 'ವೆಕ್ನಾ'. ಪಾತ್ರದ ಹಾಳೆಯಲ್ಲಿ ಗಂಡು ಎನ್ನುವುದಕ್ಕೆ 'ಎಂ' ಎಂದು, ಅದರ ಪಕ್ಕದಲ್ಲಿ 'ಎಲ್ಫ್' ಎಂದು ಬರೆದಿತ್ತಂತೆ, ಅದೇ 'ಮೆಲ್ಫ್' ಆಯಿತು. ಎಲ್ಲವೂ ಒಂದೆರಡೇ ಉಸಿರಿನ ಹೆಸರುಗಳು. ಉಳಿದುಕೊಳ್ಳಲು ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಇದೇ ಉಪಾಯ ಕನ್ನಡದಲ್ಲಿ ಇನ್ನೂ ಚೆನ್ನಾಗಿ ನಡೆಯುತ್ತದೆ. ನಮ್ಮಲ್ಲಿ ತಿರುಗಿಸುವುದು ಒಂದೊಂದೇ ಇಡೀ ಅಕ್ಷರವನ್ನು, ಹಾಗಾಗಿ ತಿರುಗಿಸಿದ ಮೇಲೂ ಅದು ಹೇಳಲು ಬರುತ್ತದೆ. ಮಲ್ಲಿಗೆ ತಿರುಗಿಸಿದರೆ 'ಗೆಲ್ಲಿಮ'. ಕಾರವಾರ ತಿರುಗಿಸಿದರೆ 'ರವಾರಕಾ', ಮರಳುಗಾಡಿನ ಪಟ್ಟಣಕ್ಕೆ ಒಪ್ಪುವ ಹೆಸರು. ಮಡಿಕೇರಿಯಿಂದ 'ರಿಕೇಡಿಮ', ಕೋಲಾರದಿಂದ 'ರಲಾಕೋ'. ಸಿರಸಿಯನ್ನು ಮಾತ್ರ ಹೇಗೆ ತಿರುಗಿಸಿದರೂ ಸಿರಸಿಯೇ. ಅವಸರಕ್ಕೆ ಒಂದು ಹೆಸರು ಬೇಕೆಂದರೆ ಇಷ್ಟು ಸಾಕು. ಆದರೆ ಒಂದು ಇಡೀ ಜನ, ಒಂದು ನಾಡು ಬೇಕೆಂದರೆ ಇನ್ನೊಂದಿಷ್ಟು ಕೆಲಸ ಇದೆ.

ಹೆಜ್ಜೆ ಒಂದು: ಜನಕ್ಕೊಂದು ದನಿ ಆರಿಸಿ

ಒಂದೊಂದೇ ಹೆಸರು ಹುಡುಕುವ ಮೊದಲು, ಆ ಜನ ಯಾವ ಧ್ವನಿಗಳನ್ನು ಬಳಸುತ್ತಾರೆ ಎಂದು ತೀರ್ಮಾನಿಸಿ. ಎಲ್ಫ್‌ಗಳಿಗಾಗಿ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕೀನ್ ಕಟ್ಟಿದ ಎರಡು ಭಾಷೆಗಳಲ್ಲಿ ಕ್ವೆನ್ಯಾಕ್ಕೆ ಫಿನ್ನಿಶ್ ಭಾಷೆಯ ದನಿ ಇದೆ, ಸಿಂಡರಿನ್‌ಗೆ ವೆಲ್ಶ್ ಭಾಷೆಯ ದನಿ ಇದೆ. ಅದಕ್ಕೇ ಆ ಹೆಸರುಗಳು ಕೇಳಿದ ಕೂಡಲೇ ಒಂದೇ ಮನೆಯವು ಅನ್ನಿಸುತ್ತವೆ.

ಧ್ವನಿಗೂ ಆಕಾರಕ್ಕೂ ನಂಟು ಇದೆ ಎನ್ನುವುದನ್ನು ಮನಶ್ಶಾಸ್ತ್ರಜ್ಞರೂ ಪರೀಕ್ಷೆ ಮಾಡಿದ್ದಾರೆ. ವೋಲ್ಫ್‌ಗಾಂಗ್ ಕೋಲರ್ 1929ರಲ್ಲಿ ಎರಡು ಆಕಾರಗಳ ಬಗ್ಗೆ ಬರೆದರು. ಒಂದು ಚೂಪು ಮೂಲೆಗಳದ್ದು, ಇನ್ನೊಂದು ದುಂಡಗಿನದ್ದು. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 'ಬೂಬಾ', 'ಕಿಕಿ' ಎಂಬ ಹೆಸರುಗಳನ್ನು ಕೊಟ್ಟು, ಅಂಥದ್ದೇ ಎರಡು ಆಕಾರಗಳಲ್ಲಿ ಯಾವುದಕ್ಕೆ ಯಾವ ಹೆಸರು ಎಂದು ಕೇಳಿದರು. ಬಹುತೇಕ ಎಲ್ಲರೂ ಚೂಪಾದದ್ದೇ ಕಿಕಿ ಎಂದರು. ನಿಮ್ಮ ಆಟಗಾರರೂ ಹಾಗೇ ಕೇಳಿಸಿಕೊಳ್ಳುತ್ತಾರೆ.

ಹೊಳೆದಂಡೆಯ ಜನಕ್ಕೆ ಲ, ಳ, ನ, ಮ, ಯ, ವ ಮಾತ್ರ ಕೊಡಿ. ದೀರ್ಘ ಸ್ವರ ಜಾಸ್ತಿ ಇರಲಿ, ಒತ್ತಕ್ಷರ ಬೇಡವೇ ಬೇಡ. ನೀಲೋಮ, ಯಾಳವಿ, ಮೋಲಯೆ ಬರುತ್ತವೆ. ಬೆಟ್ಟದೊಳಗೆ ಗಣಿ ತೋಡುವವರಿಗೆ ಕ, ಗ, ಟ, ಡ, ಣ ಕೊಡಿ. ಸ್ವರಗಳೆಲ್ಲ ಗಿಡ್ಡ, ನಡುವೆ ದ್ವಿತ್ವ ಕಡ್ಡಾಯ. ಟೆಕ್ಕಡ, ಡೊಗ್ಗಿಣ, ಕೊಣ್ಣುಟ. ಎರಡು ಪಟ್ಟಿಗಳನ್ನೂ ಒಮ್ಮೆ ಜೋರಾಗಿ ಓದಿ. ವಿವರಣೆ ಕೊಡದೆಯೇ ಯಾರು ಎಲ್ಲಿಯವರು ಅಂತ ಗೊತ್ತಾಗುತ್ತದೆ, ಅಲ್ವಾ?

ತೀರಾ ವಿಚಿತ್ರ ಜನ ಬೇಕಿದ್ದರೆ ನಮ್ಮ ವರ್ಣಮಾಲೆಯಲ್ಲೇ ನಿಧಿ ಇದೆ. ಙ ಮತ್ತು ಞ ಎಲ್ಲರೂ ಒಂದನೇ ತರಗತಿಯಲ್ಲಿ ಕಲಿತ ಅಕ್ಷರಗಳು, ಆದರೆ ಬಳಸುವುದೇ ಅಪರೂಪ. ಳ, ಣ ಕನ್ನಡ ಪದದ ಮೊದಲಿಗೆ ಬರುವುದಿಲ್ಲ. ಹಾಗಾಗಿ ಞಲ್ಲಿ, ಙೋರು, ಳೂಮ ಎಂದು ಹೆಸರಿಟ್ಟರೆ ಸಾಕು, ಕೇಳಿದವರಿಗೆ ಮೈ ಜುಮ್ ಅನ್ನುತ್ತದೆ. ಕನ್ನಡದ ಬಾಯಿಗೆ ಹೇಳಲು ಬರುತ್ತದೆ, ಕನ್ನಡದ ಕಿವಿಗೆ ಮಾತ್ರ ಹೊಸದು. ಇಂಥ ಜಾಗ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೆಜ್ಜೆ ಎರಡು: ಶಾಸನಗಳಿಂದ ಅಚ್ಚು ತೆಗೆದುಕೊಳ್ಳಿ

ರಾಜರು, ಯೋಧರು, ಹಳೇ ಮನೆತನಗಳಿಗೆ ಹೆಸರು ಬೇಕಾದಾಗ ನಾನು ಮೊದಲು ಹೋಗುವುದು ಶಾಸನಗಳ ಹತ್ತಿರ. ಎರೆಯಂಗ, ಬೂತುಗ, ಮಣಲೆರ, ರಾಚಮಲ್ಲ, ದಡಿಗ. ಹೆಂಗಸರಲ್ಲಿ ಅತ್ತಿಮಬ್ಬೆ, ಗುಂಡಮಬ್ಬೆ. ಇವೆಲ್ಲ ನಮ್ಮ ನೆಲದಲ್ಲೇ ಓಡಾಡಿದ ಹೆಸರುಗಳು. ಆದರೂ ಇವತ್ತಿನ ಕಿವಿಗೆ ಯಾವ ಫ್ಯಾಂಟಸಿ ಲೋಕಕ್ಕೂ ಕಡಿಮೆ ಇಲ್ಲ.

ಇವನ್ನು ಇದ್ದಹಾಗೇ ಎತ್ತಿಕೊಳ್ಳಬೇಡಿ. ಬೂತುಗ ಎಂದರೆ ಗಂಗರ ದೊರೆ, ಅವನಿಗೊಂದು ಚರಿತ್ರೆ ಇದೆ. ಅಚ್ಚನ್ನು ಮಾತ್ರ ತೆಗೆದುಕೊಳ್ಳಿ. ಗಂಡಸರ ಹೆಸರಿನ ಕೊನೆಗೆ -ಉಗ, -ಇಗ, -ಅಂಗ, -ಎರ. ಹೆಂಗಸರಿಗೆ -ಅಬ್ಬೆ. ಮುಂದಿನ ಭಾಗ ನಿಮ್ಮದು. ಮಾಚುಗ, ದೊರಿಗ, ತೊಳೆಯಂಗ, ಕೆತ್ತಿಮಬ್ಬೆ, ಸೊಂಡಲಬ್ಬೆ. ಹೀಗೆ ಇಪ್ಪತ್ತು ಹೆಸರು ಕಟ್ಟಲು ಒಂದು ಕಾಫಿಯ ಹೊತ್ತು ಸಾಕು.

ಬಿರುದುಗಳನ್ನು ಮರೆಯಬೇಡಿ. ಹೊಯ್ಸಳರಿಗೆ 'ಮಲೆಪರೊಳ್ಗಂಡ' ಎಂಬ ಬಿರುದು ಇತ್ತು. ತಲಕಾಡನ್ನು ಗೆದ್ದ ವಿಷ್ಣುವರ್ಧನ 'ತಲಕಾಡುಗೊಂಡ' ಎನ್ನಿಸಿಕೊಂಡ, ಅದನ್ನು ನಾಣ್ಯದ ಮೇಲೂ ಹಾಕಿಸಿದ. ಇದು ಆಟಕ್ಕೆ ಹೇಳಿ ಮಾಡಿಸಿದ ಪದ್ಧತಿ. ನಿಮ್ಮ ಪಾರ್ಟಿ (ಆಟಗಾರರ ಪಾತ್ರಗಳ ತಂಡ) ಒಂದು ಕೋಟೆ ಗೆದ್ದಿತು ಅನ್ನಿ. ಮುಂದಿನ ಊರಿನಲ್ಲಿ ಕಾವಲುಗಾರ ಅವರನ್ನು 'ರವಾರಕಾಗೊಂಡ ದೊರಿಗ' ಎಂದು ಕರೆಯಲಿ. ಆಟಗಾರರ ಮುಖ ಅರಳುವುದನ್ನು ನೋಡಬೇಕು. ಎಕ್ಸ್‌ಪೀರಿಯನ್ಸ್ ಪಾಯಿಂಟಿಗಿಂತ ಅವರು ಇದನ್ನೇ ಜಾಸ್ತಿ ದಿನ ನೆನಪಿಟ್ಟುಕೊಳ್ಳುತ್ತಾರೆ.

ಸಾಕುಪ್ರಾಣಿಗೂ ಒಳ್ಳೆ ಹೆಸರಿಡಿ. 10ನೇ ಶತಮಾನದ ಆತಕೂರು ಶಾಸನದಲ್ಲಿ ಮಣಲೆರನ ನಾಯಿಯ ಹೆಸರು ಇದೆ: ಕಾಳಿ. ಅದು ಕಾಡುಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದರು. ಬೇಟೆನಾಯಿಗೆ ಬರೀ 'ನಾಯಿ' ಎಂದು ಬರೆದು ಬಿಟ್ಟಿರುವ ಹಾಳೆ ನೋಡಿದಾಗೆಲ್ಲ ನನಗೆ ಈ ಕಾಳಿ ನೆನಪಾಗುತ್ತದೆ.

ಹೆಜ್ಜೆ ಮೂರು: ಹೆಸರನ್ನು ಸವೆಸಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಜ್ಜೆ ಇದು. ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲೋಣ.

ನಿಜವಾದ ಹೆಸರುಗಳು ಬಳಸಿ ಬಳಸಿ ಸವೆಯುತ್ತವೆ. ಕೃಷ್ಣ ಎಂಬುದು ರಾಷ್ಟ್ರಕೂಟರ ಕಾಲದಲ್ಲಿ 'ಕನ್ನರ' ಆಗಿತ್ತು. ವಿಷ್ಣು 'ಬಿಟ್ಟಿ' ಆಯಿತು, ವಿಷ್ಣುವರ್ಧನನೇ ಬಿಟ್ಟಿದೇವ. ಬ್ರಹ್ಮ ಬೊಮ್ಮ ಆದ, ಲಕ್ಷ್ಮಿ ಲಕ್ಕವ್ವ ಆದಳು. ಈ ಬದಲಾವಣೆಗೆ ದಾರಿಗಳಿವೆ. ವ ಇದ್ದದ್ದು ಬ ಆಗುತ್ತದೆ, ವನ ಬನ ಆದಂತೆ. ಶ, ಷ ಎರಡೂ ಸ ಆಗುತ್ತವೆ. ಪದದ ಮೊದಲಿನ ಯ, ಜ ಆಗುತ್ತದೆ: ಯೋಗಿ, ಜೋಗಿ. ಕ್ಷ ಇದ್ದದ್ದು ಕ್ಕ: ಅಕ್ಷರ, ಅಕ್ಕರ. ಮಹಾಪ್ರಾಣದ ಉಸಿರು ಹೋಗುತ್ತದೆ. ಮೊದಲಿನ ಒತ್ತು ಬಿದ್ದುಹೋಗುತ್ತದೆ: ಪ್ರಯಾಣ, ಪಯಣ.

ಈಗ ನಿಮ್ಮ ಹೆಸರಿಗೆ ಇದೇ ದಾರಿ ಹಿಡಿಸಿ. ಅರಮನೆಯಲ್ಲಿ ಅವಳು 'ವ್ರಕ್ಷಿಣಿ'. ಅವಳ ಹಳ್ಳಿಯಲ್ಲಿ 'ಬಕ್ಕಿಣಿ'. ಅರಮನೆಯಲ್ಲಿ 'ಯೇಭಾಷ', ಸಂತೆಯಲ್ಲಿ 'ಜೇಬಾಸ'. ಆಟಗಾರರು ಸಂತೆಯಲ್ಲಿ ಜೇಬಾಸನನ್ನು ಹುಡುಕುತ್ತಾ, ಸಿಂಹಾಸನದ ಮೇಲೆ ಕೂತವನೇ ಅವನು ಎಂದು ತಡವಾಗಿ ತಿಳಿದುಕೊಳ್ಳುತ್ತಾರೆ. ಯಾವ ಸುಳಿವೂ ಬಚ್ಚಿಟ್ಟಿಲ್ಲ, ಹೆಸರಿನಲ್ಲೇ ಎಲ್ಲ ಇತ್ತು.

ಕಾಲವನ್ನೂ ಹೀಗೆ ತೋರಿಸಬಹುದು. ಹಳಗನ್ನಡದ ಮೊದಲ ಪ, ಹೊಸಗನ್ನಡಕ್ಕೆ ಬರುವಾಗ ಹ ಆಯಿತು. ಪುಲಿ ಹುಲಿ ಆಯಿತು, ಪಾಲ್ ಹಾಲು ಆಯಿತು, ಪೊಯ್ಸಳ ಹೊಯ್ಸಳ ಆಯಿತು. ಪೆರ್ಗಡೆ ಹೆಗ್ಗಡೆ ಆಗಿ, ಆಮೇಲೆ ಹೆಗಡೆ ಆಗಿ ಇವತ್ತಿಗೂ ನಮ್ಮ ನಡುವೆ ಇದೆ. ಈ ಹಾದಿಯಲ್ಲೇ ಒಂದು ಊರು ಕಟ್ಟೋಣ. ಸಾವಿರ ವರ್ಷದ ಹಿಂದಿನ ರಾಜಧಾನಿ 'ಪೆರ್ಗಲ್', ದೊಡ್ಡ ಕಲ್ಲು. ಇವತ್ತು ಆಟಗಾರರು ರಾತ್ರಿ ತಂಗುವ ಸಣ್ಣ ಹಳ್ಳಿ 'ಹೆಗ್ಗಲ್ಲು'. ಕಾಣೆಯಾದ ರಾಜಧಾನಿ ಹುಡುಕಿಕೊಂಡು ಅವರು ಕಾಡು ಮೇಡು ಅಲೆಯಲಿ. ಯಾವುದೋ ಗುಹೆಯ ಕಲ್ಲಿನ ಮೇಲೆ 'ಪೆರ್ಗಲ್' ಎಂದು ಓದಿದಾಗ ಒಬ್ಬರಿಗಾದರೂ ಹೊಳೆಯುತ್ತದೆ. ಆ ಕ್ಷಣಕ್ಕಾಗಿ ನಾನು ಇಡೀ ಕ್ಯಾಂಪೇನ್ ಬರೆಯಲು ಸಿದ್ಧ.

ತೀರಾ ಹಳೆಯ ಜನಕ್ಕೆ ೞ ಮತ್ತು ಱ ಅಕ್ಷರಗಳನ್ನು ಮೀಸಲಿಡಬಹುದು. ಹಳಗನ್ನಡದಲ್ಲಿದ್ದು ಈಗ ಬಿಟ್ಟುಹೋದ ಅಕ್ಷರಗಳಿವು. ಕೈಗೆ ಕೊಡುವ ನಕಾಶೆ, ತಾಳೆಗರಿಗಳ ಮೇಲೆ ಬರೆದರೆ ಕಣ್ಣಿಗೇ ಹಳತು ಎನ್ನಿಸುತ್ತದೆ. ಓದುವಾಗ ೞ ಬಂದಲ್ಲಿ ತಮಿಳಿನ ಅಥವಾ ಮಲಯಾಳದ ೞ ಹೇಳಿಸಿಕೊಂಡು ಅಭ್ಯಾಸ ಮಾಡಿ.

ಹೆಜ್ಜೆ ನಾಲ್ಕು: ವಿಭಕ್ತಿ ಹಚ್ಚಿ ನೋಡಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಪರೀಕ್ಷೆ ಸಿಗುವುದಿಲ್ಲ, ಏಕೆಂದರೆ ಅವರಿಗೆ ಬೇಕಾಗಿಲ್ಲ. ನಮಗೆ ಬೇಕು. ಕನ್ನಡದಲ್ಲಿ ಆಡುವಾಗ ಹೆಸರು ಒಂಟಿಯಾಗಿ ಬರುವುದು ಕಡಿಮೆ. ಅನ್ನು, ಇಗೆ, ಇಂದ, ಅ, ಅಲ್ಲಿ ಯಾವುದಾದರೂ ಒಂದು ಅಂಟಿಕೊಂಡೇ ಇರುತ್ತದೆ.

'ಗ್ರಾಕ್ಸ್' ಎಂದು ಹೆಸರಿಟ್ಟಿರಿ ಅನ್ನಿ. ಗ್ರಾಕ್ಸ್‌ನನ್ನು ಹೊಡೆ, ಗ್ರಾಕ್ಸ್‌ಗೆ ಮದ್ದು ಕೊಡು, ಗ್ರಾಕ್ಸ್‌ನ ಕತ್ತಿ. ನಾಲಿಗೆ ಪ್ರತಿ ಸಲ ಎಡವುತ್ತದೆ. ಬಸ್ಸು, ಕಾರು ಅಂದ ಹಾಗೆ ಕೊನೆಗೆ ಬಾಯಿ ತಾನಾಗಿಯೇ ಒಂದು ಸ್ವರ ಸೇರಿಸಿಬಿಡುತ್ತದೆ. ಅದಕ್ಕಿಂತ ನೀವೇ ಸೇರಿಸಿ. 'ಗ್ರಾಕ್ಕ' ಮಾಡಿ: ಗ್ರಾಕ್ಕನನ್ನು, ಗ್ರಾಕ್ಕನಿಗೆ, ಗ್ರಾಕ್ಕನ ಕತ್ತಿ. ಒರಟುತನ ಹಾಗೇ ಉಳಿಯಿತು, ಮಾತು ಸಲೀಸಾಯಿತು.

ಅಕಾರದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು ಎಂದು ಕೇಳಿಸುತ್ತದೆ. ಇ, ಎ, ಉ ಕೊನೆಗೆ ಬಂದರೆ ಆ ಗೊಡವೆ ಇಲ್ಲ. ತೊರುವಿಗೆ, ತೊರುವನ್ನು ಎಂದರೆ ಗಂಡೋ ಹೆಣ್ಣೋ ಹೇಳಿದಂತಾಗಲಿಲ್ಲ. ಗಂಡು ಹೆಣ್ಣು ಎರಡೂ ಅಲ್ಲದ ಪಾತ್ರಕ್ಕೆ, ಮುಖವಾಡ ಹಾಕಿಕೊಂಡ ಗೂಢಚಾರರಿಗೆ ಇದು ಅನುಕೂಲ. ಆದರೆ ಮುಂದೆ ಬಂದ, ಬಂದಳು ಎಂದು ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. ಅಂಥ ಪಾತ್ರಕ್ಕೆ 'ಬಂದರು' ಎಂದೇ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ ಐದು: ಕೂಗಿ, ಕುಗ್ಗಿಸಿ

ಕೋಣೆಯ ಆ ಮೂಲೆಗೆ ಕೇಳುವಂತೆ ಹೆಸರನ್ನು ಕೂಗಿ. ಕನ್ನಡದಲ್ಲಿ ಕೂಗುವಾಗ ಕೊನೆಯ ಸ್ವರ ಎಳೆಯುತ್ತೇವೆ: ದೊರಿಗಾ! ಯಾಳವೀ! ಎಳೆಯಲು ಸ್ವರ ಇಲ್ಲದ ಹೆಸರು ಯುದ್ಧದ ನಡುವೆ ಕೈಕೊಡುತ್ತದೆ.

ಆಮೇಲೆ ಮುದ್ದಿನ ಹೆಸರು. ಕೃಷ್ಣಮೂರ್ತಿ ಕಿಟ್ಟಿ ಆಗುತ್ತಾನೆ, ಶ್ರೀನಿವಾಸ ಸೀನ, ಪದ್ಮ ಪದ್ದಿ, ಸುಬ್ರಹ್ಮಣ್ಯ ಸುಬ್ಬು. ಎರಡು ಅಕ್ಷರ, ನಡುವೆ ಹೆಚ್ಚಾಗಿ ಒಂದು ದ್ವಿತ್ವ. ನಿಮ್ಮ ಉದ್ದ ಹೆಸರನ್ನೂ ಮೇಜಿನ ಸುತ್ತ ಕೂತವರು ಹೀಗೇ ಕುಗ್ಗಿಸುತ್ತಾರೆ, ನೀವು ಒಪ್ಪಿದರೂ ಸರಿ ಬಿಟ್ಟರೂ ಸರಿ. ಹಾಗಾಗಿ ಮೊದಲೇ ನೋಡಿಕೊಳ್ಳಿ. 'ವೆಸ್ಸಿರಾಯೆಲ್' ಕುಗ್ಗಿದರೆ ವೆಸ್ಸಿ, ಚೆನ್ನಾಗಿದೆ. 'ಎಲಾರಿಯೋನ್' ಕುಗ್ಗಿದರೆ ಲಾರಿ. 'ಇಲ್ಲಿಯಾಂದರ್' ಕುಗ್ಗಿದರೆ ಇಲ್ಲಿ, ಆಮೇಲೆ 'ಇಲ್ಲಿ ಎಲ್ಲಿ?' ಎಂದು ಕೇಳಬೇಕಾಗುತ್ತದೆ. ಇದೇ ಸಮಯದಲ್ಲಿ ಕನ್ನಡದ ಅರ್ಥವನ್ನೂ ಪರೀಕ್ಷಿಸಿ. ಸಗಾನ್, ಕತ್ತೇರ್, ಕೋಥಿನ್ ಇಂಗ್ಲಿಷಿನಲ್ಲಿ ಗಂಭೀರ ಹೆಸರುಗಳೇ. ನಮ್ಮ ಕಿವಿಗೆ ಬೀಳುವುದು ಸಗಣಿ, ಕತ್ತೆ, ಕೋತಿ. ಗೆಳೆಯರಲ್ಲಿ ತುಳು, ಉರ್ದು, ಕೊಂಕಣಿ ಮಾತನಾಡುವವರಿದ್ದರೆ ಅವರನ್ನೂ ಒಂದು ಮಾತು ಕೇಳಿ.

ಒಂದೇ ಪಾರ್ಟಿಯಲ್ಲಿ ಎರಡು ಹೆಸರು ಒಂದೇ ಅಕ್ಷರದಿಂದ ಶುರುವಾಗದಿರಲಿ. ಬರೀ ಮಹಾಪ್ರಾಣದಿಂದ ಬೇರೆಯಾಗುವ ಜೋಡಿಯಂತೂ ಬೇಡ. ಧಾರ, ದಾರ ಎಂದು ಬರೆದಾಗ ಬೇರೆ, ಮಾತಿನ ಭರದಲ್ಲಿ ಎರಡೂ ಒಂದೇ. ಶ, ಷ, ಸ ಕಥೆಯೂ ಅಷ್ಟೇ.

ಇಂಗ್ಲಿಷ್ ಪುಸ್ತಕದ ಹೆಸರುಗಳನ್ನು ಓದುವುದು

ಉಚ್ಚಾರಣೆಯ ಗೊಂದಲ ನಮಗೆ ಮಾತ್ರ ಇರುವುದಲ್ಲ. ಡ್ರ್ಯಾಗನ್ ಪತ್ರಿಕೆ 1985ರಲ್ಲಿ ಉಚ್ಚಾರಣೆಯ ಪಟ್ಟಿಯನ್ನೇ ಅಚ್ಚು ಹಾಕಿತು. ನೆಲದಡಿಯ ಎಲ್ಫ್‌ಗಳನ್ನು ಇಂಗ್ಲಿಷ್ ಮಾತನಾಡುವವರೇ ಇವತ್ತಿಗೂ ಕೆಲವರು 'ಡ್ರೌ' ಎನ್ನುತ್ತಾರೆ, ಕೆಲವರು 'ಡ್ರೋ' ಎನ್ನುತ್ತಾರೆ. ನಿಮ್ಮ ಮೇಜಿನಲ್ಲಿ ಒಂದನ್ನು ಹಿಡಿದುಕೊಳ್ಳಿ, ಅಷ್ಟೇ.

ಕೆಲವಕ್ಕೆ ಮಾತ್ರ ಗೊತ್ತಾದ ದಾರಿ ಇದೆ. ಸತ್ತರೂ ಸಾಯದ ಮಾಂತ್ರಿಕ 'ಲಿಚ್'. ನೆಲ ಸೀಳಿಕೊಂಡು ಬರುವ ಶಾರ್ಕ್‌ನಂಥ ಪ್ರಾಣಿಯ ಹೆಸರಿನ ಕೊನೆಗೆ ಎರಡು ಟಿ, ಒಂದು ಇ ಇದ್ದರೂ ಹೇಳುವುದು 'ಬುಲೇ'. ನರಕದ ರಕ್ತ ಬೆರೆತ ಜನ 'ಟೀಫ್ಲಿಂಗ್', ಅದರಲ್ಲಿ ಟೀ ದೀರ್ಘ. ಟೋಲ್ಕೀನ್ ಭಾಷೆಗಳಲ್ಲಿ ಸಿ ಅಕ್ಷರ ಯಾವಾಗಲೂ ಕ, ಹಾಗಾಗಿ 'ಕೆಲೆಬೋರ್ನ್', ಸೆಲೆಬೋರ್ನ್ ಅಲ್ಲ. ರಾಕ್ಷಸ, ನಾಗ 1977ರ ಮಾನ್ಸ್ಟರ್ ಮ್ಯಾನ್ಯುಯಲ್ ಎಂಬ ಆಟದ ಪುಸ್ತಕದಲ್ಲೇ ಇವೆ. ಇವನ್ನು ಇಂಗ್ಲಿಷ್ ಧಾಟಿಯಲ್ಲಿ ತಿರುಚಿ ಹೇಳುವ ಅಗತ್ಯ ನಮಗಿಲ್ಲ. ನಮ್ಮ ಮಾತು, ನಮ್ಮ ಹಾಗೇ ಹೇಳೋಣ.

ಉಳಿದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನ ಕೆ-ಎ-ಆರ್-ಎ ಎಂಬುದು ಕರ ಆಗಬಹುದು, ಕಾರ, ಕಾರಾ, ಕೇರಾ ಕೂಡ ಆಗಬಹುದು. ಕನ್ನಡದಲ್ಲಿ ಬರೆದ ಕೂಡಲೇ ಜಗಳ ಮುಗಿಯಿತು. ಎ-ಏ, ಒ-ಓ ಎಂದು ಗಿಡ್ಡ ಉದ್ದ ಬೇರೆ ಮಾಡುವ ಅನುಕೂಲ ನಮ್ಮ ಲಿಪಿಗಿದೆ. ಎಫ್ ಮತ್ತು ಝಡ್ ಧ್ವನಿ ಬೇಕಾದರೆ ಕೆಳಗೆ ಎರಡು ಚುಕ್ಕೆ ಇಟ್ಟು ಫ಼, ಜ಼ ಎಂದು ಬರೆಯಿರಿ. ಅಪಾಸ್ಟ್ರಫಿ ಇದ್ದರೆ ಅಲ್ಲಿ ಉಸಿರು ನಿಲ್ಲಿಸಬೇಕೋ ಬೇಡವೋ ಎಂದು ಹೆಸರಿಟ್ಟವರೇ ಹೇಳಲಿ. ನಿಲ್ಲಿಸುವುದಾದರೆ ಅಡ್ಡಗೆರೆ ಹಾಕಿ: ಕಾ-ಎಲ್. ಸುಮ್ನೆ ಅಂದಕ್ಕೆ ಇಟ್ಟದ್ದಾದರೆ ಕಿತ್ತುಹಾಕಿ. ಪಾತ್ರದ ಹೆಸರಿನ ಉಚ್ಚಾರಣೆಯಲ್ಲಿ ಆ ಆಟಗಾರರ ಮಾತೇ ಕೊನೆ, ಊರಿನ ಹೆಸರಿನಲ್ಲಿ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಮಾತು ಕೊನೆ. ಇಷ್ಟು ಒಪ್ಪಂದ ಮೊದಲ ದಿನವೇ ಆಗಲಿ.

ಪೂರ್ತಿ ಹೆಸರು

ಎರಡು ರಾಜ್ಯಗಳ ಜನರನ್ನು ಬೇರೆ ಮಾಡಿ ತೋರಿಸಲು ಹೆಸರು ಜೋಡಿಸುವ ಕ್ರಮ ಬದಲಿಸಿದರೂ ಸಾಕು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ಮೊದಲು ತಾನು, ಆಮೇಲೆ ಅಪ್ಪ, ಕೊನೆಗೆ ಮನೆತನ. ಕೊಡಂದೇರ ಮಾದಪ್ಪ ಕಾರ್ಯಪ್ಪ: ಕೊಡಗಿನಲ್ಲಿ ಮನೆತನವೇ ಮೊದಲು. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಂಬ ಅಡ್ಡಹೆಸರುಗಳೇ ಇವೆ. ನಿಮ್ಮ ವ್ಯಾಪಾರಿಗಳ ನಗರದಲ್ಲಿ ಎಲ್ಲರ ಅಡ್ಡಹೆಸರೂ ಅವರು ಮಾರುವ ಸರಕೇ ಆಗಿರಲಿ. ಸೊಂಡಲಬ್ಬೆ ಗಂಧಕ ಎಂದ ಕೂಡಲೇ ಸಿಡಿಮದ್ದು ಯಾರ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಬೇಕಾಗಿಲ್ಲ.

ಒಂದು ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ನಿಜವಾದ ಜಾತಿ, ಬುಡಕಟ್ಟುಗಳ ಹೆಸರನ್ನು ಓರ್ಕ್ ಎಂಬ ರಾಕ್ಷಸರಂಥ ಜನಕ್ಕೋ ಕಳ್ಳರ ಗುಂಪಿಗೋ ಇಡಬೇಡಿ. ಜನ ಇಂದಿಗೂ ಕೈಮುಗಿಯುವ ದೈವಗಳ ಹೆಸರನ್ನು ಕೊಲ್ಲಬೇಕಾದ ಭೂತಕ್ಕೆ ಇಡಬೇಡಿ. ಮೇಜಿನ ಸುತ್ತ ಕೂತವರಲ್ಲಿ ಯಾರ ಮನೆಯ ದೈವ ಯಾವುದು ನಿಮಗೆ ಗೊತ್ತಿರುವುದಿಲ್ಲ. ಹೊಸ ಹೆಸರು ಕಟ್ಟಲು ಇಷ್ಟು ದಾರಿ ಇರುವಾಗ ಇನ್ನೊಬ್ಬರಿಗೆ ನೋವಾಗುವ ಹೆಸರು ಯಾಕೆ ಬೇಕು?

ಡಿಎಂ ಆದವರಿಗೆ

ಆಟಗಾರರು ನೀವು ಹೆಸರಿಡದ ಪಾತ್ರದ ಹತ್ತಿರವೇ ಹೋಗಿ 'ನಿನ್ನ ಹೆಸರೇನು?' ಎಂದು ಕೇಳುತ್ತಾರೆ. ಅದಕ್ಕೆ ಪ್ರತಿ ಜನಕ್ಕೆ ಹತ್ತು ಹೆಸರಿನಂತೆ ಒಂದು ಹಾಳೆ ಮೊದಲೇ ತಯಾರಿರಲಿ. ಐದು ಗಂಡು, ಐದು ಹೆಣ್ಣು, ಒಂದೊಂದೂ ಬೇರೆ ಅಕ್ಷರದಿಂದ. ಮನೆಯಲ್ಲೇ ಎಲ್ಲವನ್ನೂ ಒಮ್ಮೆ ಜೋರಾಗಿ ಓದಿಕೊಳ್ಳಿ, ಎಡವಿದ್ದನ್ನು ಹೊಡೆದುಹಾಕಿ. ಆಟದಲ್ಲಿ ಒಂದು ಹೆಸರು ಬಳಸಿದ ಕೂಡಲೇ ಅದರ ಮುಂದೆ ಯಾರು, ಯಾವ ಊರು ಎಂದು ಎರಡು ಪದ ಗೀಚಿ. ಎಂಟು ವಾರ ಬಿಟ್ಟು ಅವರು ಅದೇ ದೋಣಿಯವನನ್ನು ಹುಡುಕಿಕೊಂಡು ವಾಪಸ್ ಬಂದಾಗ ಆ ಎರಡು ಪದ ಬೇಕೇ ಬೇಕು.